ಸದ್ದು ಮಾಡಬೇಕು, ಒದೆಯಬಾರದು

ನಮ್ಮ ಸೋದರಮಾವನಷ್ಟು ಕೋವಿಯ ವಿಷಯ ತಿಳಿದವರು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕೂ ತಾಲ್ಲೂಕುಗಳನ್ನು ಜಾಲಾಡಿದರೂ ಇನ್ನೊಬ್ಬರು ಸಿಗಲಾರರು. ಇದನ್ನು ನಾನು ಎದೆ ತಟ್ಟಿ ಹೇಳಬಲ್ಲೆ. ಯಾವ ಬೋರಿಗೆ, ಅಂದರೆ ನಳಿಗೆಯ ತೂತಿನ ಅಳತೆಗೆ, ಯಾವ ತೋಟಾ, ಯಾವ ನಳಿಗೆ ಎಷ್ಟು ಉದ್ದ, ಯಾವುದರ ಸದ್ದು ಎಷ್ಟು ದೂರ ಕೇಳುತ್ತದೆ, ಎಲ್ಲವೂ ಅವರಿಗೆ ಬಾಯಿಪಾಠ. ಒಂದೇ ಒಂದು ಸಣ್ಣ ಕೊರತೆ ಏನೆಂದರೆ, ಅರವತ್ತೆಂಟು ವರ್ಷದ ಈ ಆಯುಷ್ಯದಲ್ಲಿ ಅವರು ಒಂದು ಸಲವೂ ಕೋವಿ ಹಾರಿಸಿಲ್ಲ! ದೀಪಾವಳಿಯಲ್ಲಿ ಮಕ್ಕಳು ಪಟಾಕಿ ಹಚ್ಚುವಾಗ, ಪಾಪದ ಎಮ್ಮೆ ಹೆದರುತ್ತದೆ ಎಂದು ಕೊಟ್ಟಿಗೆಗೆ ಹೋಗಿ ಅದರ ಹಿಂದೆ ನಿಂತುಕೊಳ್ಳುತ್ತಿದ್ದರು. ಹೆದರುತ್ತಿದ್ದದ್ದು ಯಾರು, ಧೈರ್ಯ ಹೇಳುತ್ತಿದ್ದದ್ದು ಯಾರು ಎಂಬ ಬಗ್ಗೆ ನಮ್ಮ ಬಂಧುಬಳಗದಲ್ಲಿ ಇಂದಿಗೂ ಎರಡು ಅಭಿಪ್ರಾಯಗಳಿವೆ.

ಅವರ ಇನ್ನೊಂದು ಗುಣವನ್ನು ಈಗಲೇ ಹೇಳಿಬಿಡುತ್ತೇನೆ. ಅವರಿಗೆ ಯಾವುದನ್ನೂ ತೀರ್ಮಾನ ಮಾಡಲು ಬರುವುದಿಲ್ಲ. ಯಾರು ಏನು ಹೇಳಿದರೂ ಅವರ ಉತ್ತರ ಒಂದೇ, "ಅದೂ ಸರಿ ಕಣಪ್ಪ." ಹೆಂಗಸರಾದರೆ "ಅದೂ ಸರಿ ಕಣವ್ವ." ಹುಣಸೂರಿನ ಹೋಟೆಲಿನಲ್ಲಿ ಮಾಣಿ ಬಂದು ಇಡ್ಲಿ ಇದೆ ಎಂದರೆ ಅದೂ ಸರಿ, ದೋಸೆ ಇದೆ ಎಂದರೆ ಅದೂ ಸರಿ, ಎರಡೂ ಖಾಲಿಯಾಗಿ ರೈಸ್‌ಬಾತ್ ಮಾತ್ರ ಉಳಿದಿದೆ ಎಂದರೆ ಮುಖದಲ್ಲಿ ಎಂಥ ನೆಮ್ಮದಿ ಗೊತ್ತೇ? ಆಯ್ಕೆ ಮಾಡುವ ಕಷ್ಟ ತಪ್ಪಿತಲ್ಲ!

ಇಂಥವರು ಮದುವೆಯಾದದ್ದಾದರೂ ಹೇಗೆ ಎಂದು ನಾನು ಅಮ್ಮನನ್ನು ಕೇಳಿದ್ದೆ. ಅಮ್ಮ ಅವರ ಅಕ್ಕ, ಹೆಣ್ಣು ನೋಡಲು ಜೊತೆಗೆ ಹೋದವಳು. ಅಮ್ಮನ ತವರಿನ ಕಡೆಯವರು ಕೆ.ಆರ್. ನಗರದ ಕಡೆಯ ಭೇರ್ಯದವರು, ನಾಲೆ ನೀರು, ಗದ್ದೆ ಬಯಲು. ಅಲ್ಲಿ ಬೆಳೆಗೆ ಬೀಳುವ ಅತಿ ದೊಡ್ಡ ಕಾಡುಪ್ರಾಣಿ ಎಂದರೆ ಹೆಗ್ಗಣ. ಹೆಣ್ಣಿನ ಮನೆ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಅಂತರಸಂತೆಯ ಆಚೆ. ಹೊಲದ ಬದು ಮುಗಿದರೆ ಕಾಕನಕೋಟೆ ಕಾಡು. ಹೆಣ್ಣು ಒಬ್ಬಳೇ ಮಗಳು, ಆದ್ದರಿಂದ ಮನೆಅಳಿಯನಾಗಬೇಕು ಎಂದು ಹುಡುಗಿಯ ತಂದೆ ಷರತ್ತು ಹಾಕಿದರಂತೆ. ಹಿರಿಯರು ಒಳಗೆ ಹೋಗಿ ಗುಸುಗುಸು ಮಾಡಿ, ಆಗುವುದಿಲ್ಲ ಎಂದು ಮರ್ಯಾದೆಯಿಂದ ಹೇಳುವುದು ಹೇಗೆಂದು ಯೋಚಿಸಿಕೊಂಡು ಹೊರಗೆ ಬರುವಷ್ಟರಲ್ಲಿ ಮಾವ ಜಗುಲಿಯ ಮೇಲೆ ಕೂತು "ಅದೂ ಸರಿ" ಎಂದು ಹೇಳಿಯಾಗಿತ್ತು. ಹೀಗೆ ಅವರು ಹೆಗ್ಗಣದ ಸೀಮೆಯಿಂದ ಆನೆಯ ಸೀಮೆಗೆ ಹೋದರು.

ಆ ಮನೆಯಲ್ಲಿತ್ತು ನೋಡಿ ಕೋವಿ. ಅತ್ತೆಯ ತಂದೆಗೆ ಯಾವುದೋ ಕಾಲದಲ್ಲಿ ಎಸ್ಟೇಟಿನ ಸಾಹೇಬರೊಬ್ಬರಿಂದ ಬಂದ ಶಿಕಾರಿ ರೈಫಲ್ಲು. ಅವರ ನಂತರ ಲೈಸೆನ್ಸು ಒಬ್ಬಳೇ ಮಗಳ ಹೆಸರಿಗೆ ಬಂತು. ಬೆಳೆ ಕಾಯಲು ಕೊಟ್ಟ ಲೈಸೆನ್ಸು. ಪ್ರಾಣಿಗೆ ಹೊಡೆಯುವ ಹಾಗಿಲ್ಲ, ಸದ್ದು ಮಾಡಿ ಓಡಿಸಬಹುದು, ಅಷ್ಟೆ. ಹೊಡೆದಾದರೂ ಏನು ಮಾಡುವುದು? ನಮ್ಮದು ಲಿಂಗ ಕಟ್ಟಿದ ಮನೆತನ, ಮೊಟ್ಟೆ ಹಾಕಿದ ಕೇಕನ್ನೂ ಬಾಗಿಲಿನಿಂದಲೇ ವಾಪಸು ಕಳಿಸುವವರು. ಆಯುಧಪೂಜೆಯ ದಿನ ಕೋವಿಯ ಮರದ ಮೇಲೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಚೆಂಡುಹೂ ಮುಡಿಸಿ, ಮುಂದೆ ಸಿಹಿಪೊಂಗಲ್ ಇಡುತ್ತಿದ್ದರು. ಕರ್ನಾಟಕದ ಅತ್ಯಂತ ಸಾತ್ವಿಕವಾದ ಶಿಕಾರಿ ಕೋವಿ ಅದೇ ಇರಬೇಕು.

ಹಾರಿಸುತ್ತಿದ್ದದ್ದು ಅತ್ತೆ. ಜೋಳ ತೆನೆ ಕಟ್ಟುವ ಕಾಲಕ್ಕೆ ಹೊಲದ ಅಟ್ಟಣೆ ಹತ್ತಿ, ಸೆರಗು ಸೊಂಟಕ್ಕೆ ಬಿಗಿದು, ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಕೊಂಡು ಕೂರುತ್ತಿದ್ದರು. ಕಾಡುಹಂದಿ ಹಿಂಡು ಬದುವಿಗೆ ಬಂದರೆ ಆಕಾಶಕ್ಕೆ ಒಂದೇ ಒಂದು ಗುಂಡು. ಹಂದಿಗಳು ಬಂದ ದಾರಿ ಹಿಡಿಯುತ್ತಿದ್ದವು. ಮಾವ ಕೆಳಗೆ ಅಟ್ಟಣೆಯ ಏಣಿ ಹಿಡಿದುಕೊಂಡು, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ನಿಂತಿರುತ್ತಿದ್ದರು. ಏಣಿ ಎಲ್ಲಿಗೂ ಓಡಿಹೋಗುವುದಿಲ್ಲ, ಹಿಡಿದುಕೊಳ್ಳುವುದು ಯಾಕೆ ಎಂದು ಅತ್ತೆ ಕೇಳಿದರೆ ಅದೂ ಸರಿ ಎನ್ನುತ್ತಿದ್ದರು. ಬಿಡುತ್ತಿರಲಿಲ್ಲ.

ಲೈಸೆನ್ಸು ಅತ್ತೆಯ ಹೆಸರಿನಲ್ಲಿ, ಚಿಂತೆ ಮಾತ್ರ ಮಾವನ ಹೆಸರಿನಲ್ಲಿ. ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಬೇಕು, ಎಲ್ಲಾ ಮುಗಿದ ಮೇಲೆ ವಾಪಸು ತರಬೇಕು. ನಮ್ಮ ಕಡೆ ಇದು ಮಾಮೂಲು. ಅತ್ತೆ ಹಳೆಯ ಸೀರೆಯಲ್ಲಿ ಸುತ್ತಿ, ಕೊಟ್ಟು, ಚೀಟಿ ಈಸಿಕೊಂಡು ಬಂದು ಮರೆತುಬಿಡುತ್ತಿದ್ದರು. ಮಾವ ಬಿಡಬೇಕಲ್ಲ! ಮೂರನೆಯ ದಿನಕ್ಕೆ ಅವರಿಗೆ ಯೋಚನೆ ಹತ್ತಿಕೊಳ್ಳುತ್ತಿತ್ತು. ಅಲ್ಲಿ ತೇವ ಇದೆಯೋ ಏನೋ, ಪಕ್ಕದಲ್ಲಿ ಯಾರ ಕೋವಿ ಇಟ್ಟಿದ್ದಾರೋ, ಒರಗಿಸಿದ್ದಾರೋ ಮಲಗಿಸಿದ್ದಾರೋ. ಒಂದು ಸೀಸೆಯಲ್ಲಿ ಎಣ್ಣೆ, ಒಂದು ಮೆತ್ತಗಿನ ಬಟ್ಟೆ ಹಿಡಿದು ಬಸ್ಸು ಹತ್ತಿ ಸ್ಟೇಷನ್ನಿಗೆ ಹೋಗುತ್ತಿದ್ದರು. ಅಲ್ಲಿದ್ದ ವಯಸ್ಸಾದ ಪೇದೆಯೊಬ್ಬರು ಒಳ್ಳೆಯವರು. ಇವರನ್ನು ಗೇಟಿನಲ್ಲಿ ಕಂಡ ತಕ್ಷಣ, ಕೋವಿ ಚೆನ್ನಾಗಿದೆ, ಊಟ ತಿಂಡಿ ಸರಿಯಾಗಿ ಮಾಡುತ್ತಿದೆ, ನಿಮ್ಮನ್ನೇ ಕೇಳುತ್ತಿತ್ತು ಎಂದು ಹೇಳಿ ಟೀ ಕುಡಿಸಿ ಕಳಿಸುತ್ತಿದ್ದರಂತೆ. ಮಾವ ನಿರಾಳವಾಗಿ ಮನೆಗೆ ಬಂದು, ಪೇದೆ ಹೇಳಿದ್ದನ್ನು ಅಕ್ಷರ ಬಿಡದೆ ಅತ್ತೆಗೆ ವರದಿ ಮಾಡುತ್ತಿದ್ದರು.

ಈಗ ಗೊಂದಲಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ಅತ್ತೆಗೆ ಬಲಗಡೆ ಎದೆಯಲ್ಲಿ ಗಂಟು ಕಾಣಿಸಿತು. ಮೈಸೂರಿನಲ್ಲಿ ಆಪರೇಷನ್ ಆಯಿತು, ಆಮೇಲಿನ ಚಿಕಿತ್ಸೆಯೂ ಆಯಿತು. ಗುಣವಾಗಿದೆ ಎಂದರು ಡಾಕ್ಟರು. ಆದರೆ ಬಲಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ, ಆ ಕೈಯಲ್ಲಿ ಭಾರ ಎತ್ತುವ ಹಾಗಿಲ್ಲ. ಕೋವಿ ಗೋಡೆಗೆ ಸೇರಿತು. ಅದಕ್ಕೆ ಸರಿಯಾಗಿ ಆ ಹಳೇ ನಂಬರಿನ ತೋಟಾ ಬರುವುದೂ ನಿಂತುಹೋಯಿತು, ಮನೆಯಲ್ಲಿ ಉಳಿದಿದ್ದವು ನಾಲ್ಕೇ ನಾಲ್ಕು. ಲೈಸೆನ್ಸ್ ನವೀಕರಣಕ್ಕೆ ಒಂದು ವರ್ಷ ಇದ್ದಾಗಲೇ ಅತ್ತೆ ಹೇಳಿಬಿಟ್ಟರು, ಇನ್ನು ಬೇಡ, ಸ್ಟೇಷನ್ನಿಗೆ ಪೂರ್ತಿಯಾಗಿ ಒಪ್ಪಿಸಿಬಿಡಿ ಎಂದು. ಮಾವ ಅದೂ ಸರಿ ಎಂದರು. ಆದರೆ ಒಪ್ಪಿಸಲಿಲ್ಲ. ಬದಲಿಗೆ, ಬೇರೆ ಬೋರಿನಲ್ಲಿ ಹೊಸದೊಂದು ಶಿಕಾರಿ ರೈಫಲ್ ಮಾಡಿಸಿದರೆ ಹೇಗೆ ಎಂಬ ಹುಳ ಅವರ ತಲೆಗೆ ಹೊಕ್ಕಿತು. ಮಾಡಿಸುವುದಾದರೆ ಬೋರು ಬದಲಾವಣೆಯ ಅರ್ಜಿಯನ್ನು ನವೀಕರಣದ ಜೊತೆಗೇ ಕೊಡಬೇಕು. ಅಂದರೆ ಆ ದಿನ ಬರುವುದರೊಳಗೆ ಅವರು ತೀರ್ಮಾನ ಮಾಡಬೇಕು. ಯಾರು? ನಮ್ಮ ಮಾವ!

ಊರವರೆಲ್ಲ ನಕ್ಕರು. ನಾನೂ ನಕ್ಕೆ. ವಯಸ್ಸಾದ ಮೇಲೆ ಗಂಡಸಿಗೆ ಕೋವಿ ಹಿಡಿಯುವ ಆಸೆ ಬಂದಿದೆ, ಹೆಂಡತಿಯ ಹೆಸರಿನ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಂಡು ಮೀಸೆ ಬಿಡುತ್ತಾರೆ ಎಂದು ಎಲ್ಲರೂ ತಿಳಿದೆವು. ಅತ್ತೆಯೂ ಹಾಗೇ ತಿಳಿದರು ಎಂದು ಕಾಣುತ್ತದೆ. ಪಟಾಕಿಗೆ ಕೊಟ್ಟಿಗೆ ಸೇರುವವರಿಗೆ ರೈಫಲ್ ಯಾಕೆ ಎಂದು ಒಂದು ಸಲ ಗೊಣಗಿ ಸುಮ್ಮನಾದರು.

ಹಾಗಂತ ಕೋವಿ ಇಲ್ಲದೆ ನಡೆಯುವ ಹಾಗೂ ಇರಲಿಲ್ಲ. ಅತ್ತೆ ಅಟ್ಟಣೆ ಹತ್ತದೆ ಹೋದ ಮೊದಲ ವರ್ಷವೇ ಹಂದಿಗಳಿಗೆ ಸುದ್ದಿ ಮುಟ್ಟಿತ್ತು. ಮಾವ ತಗಡಿನ ಡಬ್ಬ ಕಟ್ಟಿದರು. ಬೆದರುಗೊಂಬೆಗೆ ತಮ್ಮದೇ ಅಂಗಿ ತೊಡಿಸಿದರು. ಕೊನೆಗೆ ಅಟ್ಟಣೆಯ ಮೇಲೆ ರೇಡಿಯೋ ಇಟ್ಟು ಜೋರಾಗಿ ಹಾಕಿ ಬಂದರು. ಬೆಳಿಗ್ಗೆ ಹೋಗಿ ನೋಡಿದರೆ ರೇಡಿಯೋದಲ್ಲಿ ರೈತರಿಗೆ ಸಲಹೆ ಬರುತ್ತಿತ್ತು, ಅರ್ಧ ಹೊಲ ಮುಗಿದಿತ್ತು. ಹಂದಿಗಳು ಕಾರ್ಯಕ್ರಮ ಕೇಳಿಕೊಂಡೇ ಉಂಡು ಹೋಗಿದ್ದವು.

ನಾನು ಹುಣಸೂರಿನಲ್ಲಿ ಹೈಸ್ಕೂಲ್ ಟೀಚರು. ನನ್ನ ಹತ್ತಿರ ಒಂದು ಸಣ್ಣ ಕಾರಿದೆ. ಇವೆರಡೂ ನನ್ನ ತಪ್ಪುಗಳು. ಮಾವ ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ನಮ್ಮ ಗೇಟಿನ ಮುಂದೆ ನಿಲ್ಲತೊಡಗಿದರು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಬಾಯಲ್ಲಿ ಒಂದೇ ಮಾತು. "ಒಬ್ರನ್ನ ಕೇಳ್ಕಂಡ್ ಬಂದ್ಬುಡಾನ ಕಣವ್ವ." ಆ ಒಬ್ಬರು ಎಂಬುದು ಏಳು ತಿಂಗಳು ನಡೆಯಿತು.

ಮೊದಲು ಹುಣಸೂರಿನಲ್ಲೇ ಇರುವ ನಿವೃತ್ತ ಸುಬೇದಾರರು. ಅವರು ಸೋಫಾದಲ್ಲಿ ನೆಟ್ಟಗೆ ಕೂತು, ಕೋವಿ ಎಂದರೆ ದೊಡ್ಡದೇ ಇರಬೇಕು, ತ್ರೀ ಫಿಫ್ಟೀನ್ ಬೋರಿಗಿಂತ ಕೆಳಗೆ ಇಳಿಯಲೇಬಾರದು ಎಂದು ಅಪ್ಪಣೆ ಮಾಡಿದರು. ಮಾವ ಅದೂ ಸರಿ ಎಂದರು. ಆಮೇಲಿನ ಭಾನುವಾರ ಪಿರಿಯಾಪಟ್ಟಣದ ಆಚೆ ಕೊಡಗಿನ ಗಡಿಯಲ್ಲಿ ಕೊಡವರೊಬ್ಬರ ತೋಟ. ಹುಟ್ಟಿದಾಗಿನಿಂದ ಕೋವಿ ಕಂಡ ಜನ. ಅವರು ಕಾಫಿ ಕೊಟ್ಟು, ಹಂದಿ ಓಡಿಸಲು ರೈಫಲ್ಲೇ ಬೇಡ, ಹನ್ನೆರಡು ಬೋರಿನ ಜೋಡಿನಳಿಗೆ ತಗೊಳ್ಳಿ, ಸದ್ದು ಬೆಟ್ಟಕ್ಕೆ ಬಡಿದು ವಾಪಸು ಬರುತ್ತದೆ ಎಂದರು. ಅದೂ ಸರಿಯೇ! ಅವರ ಭಾವಮೈದುನ ಪಕ್ಕದಲ್ಲೇ ಕೂತಿದ್ದವರು, ಹನ್ನೆರಡು ಯಾಕೆ, ಹದಿನಾರು ಸಾಕು, ಅದು ಚಿಕ್ಕದು ಎಂದರು.

ನಾನು ಬೆಪ್ಪಾದೆ. ಹನ್ನೆರಡಕ್ಕಿಂತ ಹದಿನಾರು ಚಿಕ್ಕದಾಗುವುದು ಯಾವ ಗಣಿತದಲ್ಲಿ? ಕೋವಿಯಲ್ಲಿ ಹಾಗೇ ಎಂದರು. ಹಾಗಾದರೆ ಸುಬೇದಾರರ ಮನೆಯಲ್ಲಿ ಕೇಳಿದ್ದ ಇಪ್ಪತ್ತೆರಡು ಇನ್ನೂ ಚಿಕ್ಕದೇ ಎಂದು ಕೇಳಿದೆ. ಚಿಕ್ಕದೇ, ಆದರೆ ಅದರ ಲೆಕ್ಕ ಬೇರೆ, ಅದು ರೈಫಲ್ಲು, ಅದರ ನಂಬರಿಗೆ ಮೊದಲು ಒಂದು ಚುಕ್ಕಿ ಇದೆ, ಅಲ್ಲಿ ನಂಬರು ಹೆಚ್ಚಾದಷ್ಟೂ ದೊಡ್ಡದು ಎಂದರು. ವಾಪಸು ಬರುವಾಗ ಕಾರಿನಲ್ಲಿ ಮಾವ ನನಗೆ ಅದನ್ನು ಮೂರು ಸಲ ವಿವರಿಸಿದರು. ಮೊದಲ ಸಲ ಅರ್ಥವಾದಂತೆ ಆಯಿತು. ಮೂರನೆಯ ಸಲಕ್ಕೆ ನನ್ನ ವಯಸ್ಸು ಎಷ್ಟೆಂದು ಕೇಳಿದ್ದರೂ ನಾನು ಚುಕ್ಕಿ ಎಲ್ಲಿ ಇಡಬೇಕು ಎಂದು ಯೋಚಿಸುತ್ತಿದ್ದೆ.

ಭೇರ್ಯಕ್ಕೂ ಹೋದೆವು. ಅಲ್ಲಿ ನಮ್ಮ ಬಂಧುಗಳು ಹಂದಿಯನ್ನು ಮೊಬೈಲಿನಲ್ಲಿ ಬಿಟ್ಟು ಬೇರೆಲ್ಲೂ ನೋಡಿದವರಲ್ಲ. ಆದರೂ ಕೋವಿಯ ವಿಷಯ ಬಂದದ್ದೇ ಎಲ್ಲರೂ ಬಾಯಿ ತೆರೆದರು. ಮಿರ್ಲೆಯಿಂದ ಬಂದಿದ್ದ ದೊಡ್ಡಪ್ಪನೊಬ್ಬರು ಕೋವಿಯೇ ಬೇಡ, ನಾಯಿ ಸಾಕು ಎಂದರು. ಇನ್ನೊಬ್ಬರು ಜೋಳವೇ ಬೇಡ, ಹಂದಿ ಮುಟ್ಟದ ಶುಂಠಿ ಹಾಕು ಎಂದರು. ಮೂರನೆಯವರು ಹೊಲವನ್ನೇ ಮಾರಿಬಿಡು ಎಂದರು. ಮಾವ ಮೂವರಿಗೂ ಒಪ್ಪಿದರು. ಆ ದಿನ ಸಂಜೆ ಅವರ ತಲೆಯೊಳಗೆ, ಹೊಲವನ್ನೇ ಮಾರಿದ ಮೇಲೆ ಆ ಹೊಲ ಕಾಯಲು ಯಾವ ಬೋರಿನ ಕೋವಿ ಮಾಡಿಸಬೇಕು ಎಂಬಲ್ಲಿಗೆ ವಿಷಯ ಬಂದು ನಿಂತಿತ್ತು.

ಈ ಎಲ್ಲಾ ಕಡೆಯೂ ಅವರು ಕೇಳುತ್ತಿದ್ದ ಪ್ರಶ್ನೆ ಮಾತ್ರ ಒಂದೇ. ಒದೆತ ಎಷ್ಟು? ಕೋವಿ ಹಾರಿಸಿದಾಗ ಹಿಂದಕ್ಕೆ ಭುಜಕ್ಕೆ ಒದೆಯುತ್ತದಲ್ಲ, ಅದು. ಸದ್ದು ಜೋರಾಗಿರಬೇಕು, ಇಲ್ಲದಿದ್ದರೆ ಹಂದಿ ಹೆದರುವುದಿಲ್ಲ. ಆದರೆ ಒದೆಯಲೇಬಾರದು. ಸುಬೇದಾರರು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಸದ್ದು ಬೇಕಾದರೆ ಮದ್ದು ಹೆಚ್ಚು ಬೇಕು, ಮದ್ದು ಹೆಚ್ಚಾದರೆ ಒದೆತ ಹೆಚ್ಚು, ಒಂದು ಬೇಕು ಇನ್ನೊಂದು ಬೇಡ ಎಂದರೆ ಹೇಗೆ ಸ್ವಾಮಿ? ಮಾವ ಬಿಡಲಿಲ್ಲ. ಎಷ್ಟು ಒದೆಯುತ್ತದೆ ಎಂದು ಅಂದಾಜಿಗೆ ತೋರಿಸಿ ಎಂದರು. ಸುಬೇದಾರರು ಎದ್ದುಹೋಗಿ ಅಡುಗೆಮನೆಯಿಂದ ಮುದ್ದೆ ತಿರುವುವ ಕೋಲು ತಂದು, ಇದು ಇಪ್ಪತ್ತೆರಡು ಎಂದು ಮೆಲ್ಲಗೆ ಒಂದು ತಿವಿದರು. ಇದು ತ್ರೀ ಫಿಫ್ಟೀನು ಎಂದು ಇನ್ನೊಂದು. ಇದು ಹನ್ನೆರಡು ಬೋರು ಎಂದಾಗ, ನಿಂತಿದ್ದ ಮಾವ ಸೋಫಾದ ಮೇಲೆ ಹೋಗಿ ಬಿದ್ದಿದ್ದರು.

ಅವರು ತಿವಿಸಿಕೊಂಡದ್ದು ಎಡಭುಜಕ್ಕೆ! ಕೋವಿಯನ್ನು ಬಲಭುಜಕ್ಕೆ ಕೊಡುತ್ತಾರೆ ಎಂಬುದೂ ಗೊತ್ತಿಲ್ಲದ ಮನುಷ್ಯ ರೈಫಲ್ ಮಾಡಿಸಲು ಹೊರಟಿದ್ದಾರಲ್ಲ ಎಂದು ನನಗೆ ನಗು ತಡೆಯಲಾಗಲಿಲ್ಲ. ಶಾಲೆಯ ಸ್ಟಾಫ್ ರೂಮಿನಲ್ಲಿ ಈ ಕಥೆಯನ್ನು ಅಭಿನಯ ಸಮೇತ ಹೇಳಿ ಎಲ್ಲರನ್ನೂ ನಗಿಸಿದೆ. ಅದನ್ನು ನೆನೆಸಿಕೊಂಡರೆ ಈಗ ನನಗೆ ನಾಚಿಕೆಯಾಗುತ್ತದೆ.

ನವೀಕರಣಕ್ಕೆ ಮೂರು ವಾರ ಉಳಿದಾಗ ನನ್ನ ತಾಳ್ಮೆ ಮುಗಿಯಿತು. ಇನ್ನು ಯಾರನ್ನೂ ಕೇಳುವುದು ಬೇಡ, ಮಾಡುವವರನ್ನೇ ಕೇಳೋಣ ಎಂದು ಮಾವನನ್ನು ಕೂರಿಸಿಕೊಂಡು ಮೈಸೂರಿಗೆ ಹೋದೆ. ಹಳೇ ಬೀದಿಯೊಂದರಲ್ಲಿ ಕೋವಿ ರಿಪೇರಿ ಅಂಗಡಿ. ಕನ್ನಡಕವನ್ನು ಹಣೆಗೆ ಏರಿಸಿಕೊಂಡ ಮುದುಕರೊಬ್ಬರು ಮರದ ತುಂಡನ್ನು ಉಜ್ಜುತ್ತಾ ಕೂತಿದ್ದರು. ಅವರ ಅಪ್ಪ, ಅಜ್ಜ ಎಲ್ಲರೂ ಅದೇ ಕೆಲಸದವರಂತೆ. ಮಾವ ಏಳು ತಿಂಗಳ ಜ್ಞಾನವನ್ನೆಲ್ಲ ಅವರ ಮುಂದೆ ಸುರಿದರು. ತ್ರೀ ಫಿಫ್ಟೀನಾದರೆ ಹೀಗೆ, ಇಪ್ಪತ್ತೆರಡಾದರೆ ಹಾಗೆ, ಹನ್ನೆರಡಾದರೆ ಬೆಟ್ಟಕ್ಕೆ ಬಡಿಯುತ್ತದೆ. ಮುದುಕರು ಉಜ್ಜುವುದನ್ನು ನಿಲ್ಲಿಸದೆ ಎಲ್ಲವನ್ನೂ ಕೇಳಿ, ಬೋರು ಆಮೇಲೆ ನೋಡೋಣ, ಕೋವಿಯನ್ನು ಅಂಗಿ ಹಾಗೆ ಮೈಗೆ ಅಳೆದು ಮಾಡಬೇಕು, ಎದ್ದು ನಿಂತು ಕೈ ಚಾಚಿ ಎಂದರು.

ಮಾವ ಏಳಲಿಲ್ಲ. ನನ್ನ ಮುಖ ನೋಡಿದರು, ಬಾಗಿಲ ಕಡೆ ನೋಡಿದರು. ಆಮೇಲೆ ಏಳು ತಿಂಗಳಿಂದ ಕಂಕುಳಲ್ಲಿದ್ದ ಆ ಬಟ್ಟೆಯ ಚೀಲಕ್ಕೆ ಕೈ ಹಾಕಿ, ನ್ಯೂಸ್‌ಪೇಪರಿನಲ್ಲಿ ಅಚ್ಚುಕಟ್ಟಾಗಿ ಮಡಿಸಿದ ಒಂದು ಪೊಟ್ಟಣ ತೆಗೆದರು. ಬಿಚ್ಚಿ ಮುದುಕರ ಮುಂದೆ ಇಟ್ಟರು. ಹಸಿರು ಬಣ್ಣದ ಒಂದು ಬ್ಲೌಸು!

"ಅಳತೆ ತಂದಿವ್ನಿ," ಎಂದರು ಮಾವ.

ನಾವು ಹೆಂಗಸರು ಟೈಲರ್ ಹತ್ತಿರ ಹೋದಾಗ ಸರಿಯಾಗಿ ಕೂರುವ ಒಂದು ಹಳೇ ಬ್ಲೌಸನ್ನು ಅಳತೆಗೆ ಕೊಡುತ್ತೇವಲ್ಲ, ಹಾಗೆ. ಅತ್ತೆ ಟೈಲರಿಗೆ ಕೊಡುತ್ತಿದ್ದದ್ದೂ ಅದೇ ಬ್ಲೌಸು, ನಾನು ಗುರುತು ಹಿಡಿದೆ. ಮುದುಕರು ಕನ್ನಡಕ ಕೆಳಗಿಳಿಸಿ ಅದನ್ನು ನೋಡಿದರು. ಟೈಲರ್ ಅಂಗಡಿ ಬೀದಿಯ ಆ ತುದಿಯಲ್ಲಿದೆ ಎಂದು ಮೆಲ್ಲಗೆ ಹೇಳಿದರು. ಮಾವ ನಗಲಿಲ್ಲ. ಬ್ಲೌಸಿನ ಎಡತೋಳನ್ನು ಎಳೆದು ನೀಟಾಗಿ ಹರಡಿದರು.

"ನನ್ ಮನೆಯವ್ಳದು. ಬಲಗಡೆ ಆಪರೇಸನ್ ಆಗದೆ, ಆ ಕಡೆ ತಗಲಂಗಿಲ್ಲ. ಎಡಗಡೆ ಬುಜಕ್ಕೆ ಕೂರಂಗೆ ಮಾಡ್ಕೊಡಿ. ಅವ್ಳಿಗೆ ನೋವಾಗ್ಬಾರ್ದು."

ಮುದ್ದೆ ಕೋಲಿನ ತಿವಿತ ನೆನಪಾಗಿ ನನಗೆ ನನ್ನ ಮೇಲೇ ಸಿಟ್ಟು ಬಂತು. ಮುದುಕರು ಉಜ್ಜುತ್ತಿದ್ದ ಮರದ ತುಂಡನ್ನು ಕೆಳಗಿಟ್ಟು, ಆಗುತ್ತದೆ, ಆದರೆ ಬ್ಲೌಸಿನಿಂದ ಆಗುವುದಿಲ್ಲ, ಮೊಣಕೈ ಮಡಚಿದಲ್ಲಿಂದ ತೋರುಬೆರಳಿನವರೆಗೆ ಅಳತೆ ಬೇಕು, ಭುಜದಿಂದ ಕೆನ್ನೆಗೂ ಬೇಕು ಎಂದರು. ಸಣ್ಣ ಬೋರಾದರೆ ಒದೆತ ಕಡಿಮೆ. ಭುಜಕ್ಕೆ ಕೊಡುವ ಹಿಡಿಯ ಮರ ತುಸು ಭಾರ ಮಾಡಿದರೆ ಇನ್ನೂ ಕಡಿಮೆ. ಭಾರ ಎತ್ತಲು ಆಗದಿದ್ದರೆ ಅಟ್ಟಣೆಗೆ ಅಡ್ಡ ಮರ ಕಟ್ಟಿ ಅದರ ಮೇಲೆ ಇಡಬಹುದು. ಎಲ್ಲಾ ಹೇಳಿದ ಮೇಲೆ ಒಂದು ಪ್ರಶ್ನೆ ಕೇಳಿದರು. ಅಮ್ಮಾವರು ಏನಂತಾರೆ?

ಮಾವ ತಲೆ ತಗ್ಗಿಸಿದರು. ನಾಲ್ಕು ತಾಲ್ಲೂಕು ಸುತ್ತಿ ಸುಬೇದಾರರಿಂದ ಹಿಡಿದು ಮಿರ್ಲೆಯ ದೊಡ್ಡಪ್ಪನವರೆಗೆ ಎಲ್ಲರನ್ನೂ ಕೇಳಿದ ಈ ಮಹಾನುಭಾವ, ಕೋವಿ ಹಿಡಿಯಬೇಕಾದ ಒಬ್ಬರನ್ನು ಮಾತ್ರ ಕೇಳಿರಲಿಲ್ಲ!

ಯಾಕೆ ಮಾವ ಎಂದು ನಾನು ಬಯ್ದೇಬಿಟ್ಟೆ. ಅವರು ಬ್ಲೌಸನ್ನು ಮತ್ತೆ ಮಡಿಸುತ್ತಾ ಹೇಳಿದ್ದನ್ನು ನಾನು ಮರೆಯುವುದಿಲ್ಲ.

"ಎಮ್ಮೆ ಕೊಟ್ಬುಟ್ಲು ಕಣವ್ವ, ಇನ್ ಕರ್ಯಕಾಗಕಿಲ್ಲ ಅಂತ. ಬೀಜದ ಮಡಕೆ ಎಲ್ಲಾನೂ ಪಕ್ಕದ್ಮನೆಗೆ ಕೊಟ್ಲು. ಸೀರೆ ಕೊಟ್ಲು. ಈಗ ಕೋವಿ ಕೊಡಿ ಅಂತವ್ಳೆ. ಇದ್ನೂ ಕೊಟ್ಬುಟ್ರೆ ಆಮೇಲೆ ಇನ್ನೇನ್ ಕೊಟ್ಬುಡ್ತಾಳೋ ಅಂತ. ಕೇಳುದ್ರೆ ಬ್ಯಾಡ ಅಂತಾಳೆ. ಬ್ಯಾಡ ಅಂದ್ಬುಟ್ರೆ ನಾನ್ ಏನ್ ಮಾಡ್ಲಿ?"

ಅದಕ್ಕೇ ಅವರು ಕೇಳದೆ ಸುತ್ತುತ್ತಿದ್ದರು. ಅತ್ತೆಯನ್ನು ಕೇಳುವ ಬದಲು ಇನ್ನೊಬ್ಬರನ್ನು ಕೇಳುವುದು, ಅವರನ್ನು ಕೇಳಿದ ಮೇಲೆ ಮತ್ತೊಬ್ಬರನ್ನು ಕೇಳುವುದು. ತೀರ್ಮಾನ ಮಾಡಲು ಬರದವರು ಎಂದು ನಾವೆಲ್ಲ ನಗುತ್ತಿದ್ದೆವು. ಅವರು ಮೊದಲ ದಿನವೇ ತೀರ್ಮಾನ ಮಾಡಿಯಾಗಿತ್ತು. ಅತ್ತೆ ಬೇಡ ಎನ್ನದ ಒಂದು ದಾರಿ ಸಿಗುವವರೆಗೂ ಓಡಾಡುತ್ತಿದ್ದರು, ಅಷ್ಟೆ.

ನಾನು ಕಾರನ್ನು ಹುಣಸೂರಿಗೆ ತಿರುಗಿಸಲಿಲ್ಲ. ನೇರವಾಗಿ ಕೋಟೆ ರಸ್ತೆ ಹಿಡಿದೆ. ದಾರಿಯಲ್ಲಿ ಹ್ಯಾಂಡ್‌ಪೋಸ್ಟ್ ಊರಿನಲ್ಲಿ ಟೀ ಕುಡಿಯೋಣವೇ ಎಂದರೆ ಮಾವ ಬೇಡ ಎಂದರು. ಅವರು ತಾವಾಗಿ ಯಾವುದನ್ನಾದರೂ ಬೇಡ ಎಂದದ್ದನ್ನು ನಾನು ಮೊದಲ ಸಲ ಕೇಳಿದ್ದು ಆಗಲೇ.

ಮನೆ ಮುಟ್ಟಿದಾಗ ಮಧ್ಯಾಹ್ನ ಮೂರೂವರೆ. ಅತ್ತೆ ಜಗುಲಿಯಲ್ಲಿ ಕೂತು ಎಡಗೈಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಮ್ಮನ್ನು ನೋಡಿ, ಇಷ್ಟು ಬೇಗ ಬಂದಿರಿ, ಕೇಳಲು ಜನ ಖಾಲಿಯಾದರೇ ಎಂದರು. ಕಾಫಿ ಇಡಲು ಎದ್ದರು. ಮಾವ ಅವರನ್ನು ಕೂರಿಸಿದರು. ಪೊಟ್ಟಣ ತೆಗೆದು ಅವರ ಮಡಿಲಲ್ಲಿಟ್ಟರು.

ಅತ್ತೆ ಬಿಚ್ಚಿ ನೋಡಿದರು. "ಇದುನ್ನ ಇಷ್ಟ್ ದಿನದಿಂದ ನಾನ್ ಹುಡುಕ್ತಿವ್ನಿ. ನಿಮ್ಮ ಚೀಲದಲ್ಲಿ ಯಾಕದೆ?"

ಮಾವ ಹೇಳಿದರು. ಒಂದು ಕಡೆಯೂ ತಡವರಿಸದೆ, ಅದೂ ಸರಿ ಇದೂ ಸರಿ ಎನ್ನದೆ, ಸಣ್ಣ ಮಗು ಪಾಠ ಒಪ್ಪಿಸುವ ಹಾಗೆ ಎಲ್ಲವನ್ನೂ ಹೇಳಿದರು. ಹೊಸ ಕೋವಿ ನಿನಗೆ, ಎಡಭುಜಕ್ಕೆ, ಒದೆತ ಕಡಿಮೆ ಇರುವಂಥದ್ದು, ಅಡ್ಡ ಮರ ನಾನು ಕಟ್ಟುತ್ತೇನೆ, ಏಣಿಗೆ ಇನ್ನೂ ಎರಡು ಮೆಟ್ಟಿಲು ಹಾಕಿಸುತ್ತೇನೆ. ಯಾವ ಬೋರು ಎಂಬುದೊಂದು ತಿಳಿಯುತ್ತಿಲ್ಲ. ಸದ್ದಿದ್ದರೆ ನಿನಗೆ ನೋವಾಗುತ್ತದೆ, ನೋವಾಗದ್ದಕ್ಕೆ ಸದ್ದಿಲ್ಲ.

ಅತ್ತೆ ಅವರೆಕಾಯಿಯ ಸಿಪ್ಪೆಯನ್ನು ಒಂದು ಕಡೆಗೆ ಸರಿಸಿದರು. ಬೇಡ ಎನ್ನುತ್ತಾರೆ ಎಂದುಕೊಂಡೆ. ಮಾವನೂ ಹಾಗೇ ಅಂದುಕೊಂಡಿರಬೇಕು, ಅವರು ಕಂಬ ಹಿಡಿದುಕೊಂಡು ನಿಂತಿದ್ದರು.

"ಸಣ್ಣ ಬೋರೇ ಸಾಕು," ಎಂದರು ಅತ್ತೆ. "ಹಂದಿ ಸದ್ದಿಗ್ ಓಡಲ್ಲ. ಮೇಲೆ ಒಬ್ರು ಕುಂತವ್ರೆ ಅಂತ ಗೊತ್ತಾದ್ರೆ ಓಡ್ತವೆ."

ಏಳು ತಿಂಗಳು, ನಾಲ್ಕು ತಾಲ್ಲೂಕು, ನನ್ನ ಅಷ್ಟೂ ಭಾನುವಾರಗಳು! ಅವರೆಕಾಯಿ ಸುಲಿಯುವ ಬಿಡುವಿನಲ್ಲಿ ತೀರ್ಮಾನ ಮುಗಿದುಹೋಯಿತು. ನಾನು ನಗಬೇಕೆಂದುಕೊಂಡೆ. ಅಷ್ಟರಲ್ಲಿ ಅತ್ತೆ ಮಡಿಲಿನ ಬ್ಲೌಸನ್ನು ಎತ್ತಿ, ಅದರ ತೋಳಿನೊಳಗೆ ತಮ್ಮ ಎಡಗೈ ತೂರಿಸಿ ನೋಡಿದರು. ಬಟ್ಟೆ ಕೈಯ ಸುತ್ತ ಜೋಲಾಡಿತು.

"ಇದು ಆಪರೇಸನ್‌ಗೆ ಮುಂಚೆದು," ಎಂದರು. "ಈಗ ನಾನ್ ಇಷ್ಟಿಲ್ಲ. ಇದ್ರ ಅಳತೆ ಕೊಟ್ರೆ ಕೋವಿ ತಪ್ಪೋಯ್ತದೆ."

ಅತ್ತೆ ಬ್ಲೌಸನ್ನು ಪಕ್ಕಕ್ಕಿಟ್ಟು, ಎದ್ದು ನಿಂತು, ಎಡಗೈಯನ್ನು ಮುಂದಕ್ಕೆ ಚಾಚಿದರು. ಕೈ ನೇರವಾಗಿತ್ತು.

"ಹೊಸ್ದಾಗಿ ಅಳ್ಕಳಿ."

ನಾನು ಒಳಗೆ ಓಡಿಹೋಗಿ ಹೊಲಿಗೆ ಡಬ್ಬದಿಂದ ಟೇಪು ತಂದುಕೊಟ್ಟೆ. ಮಾವ ಮುದುಕರು ಹೇಳಿದ ಹಾಗೆಯೇ ಮೊಣಕೈಯಿಂದ ತೋರುಬೆರಳಿನ ತುದಿಗೆ ಹಿಡಿದರು. ಅವರ ಕಣ್ಣು ತುಂಬಿ ನಂಬರು ಕಾಣುತ್ತಿರಲಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು, ಯಾಕೆಂದರೆ ನನಗೂ ಕಾಣುತ್ತಿರಲಿಲ್ಲ. ಒಂದು ಸಲ ಅಳೆದರು. ಸರಿಯಾಗಲಿಲ್ಲವೇನೋ ಎಂದು ಎರಡನೆಯ ಸಲ ಅಳೆದರು. ಮೂರನೆಯ ಸಲ ಮತ್ತೆ ಮೊಣಕೈಯಿಂದ ಶುರು ಮಾಡಿದರು. ಅಷ್ಟು ಹೊತ್ತೂ ಅತ್ತೆ ಕೈ ಕೆಳಗಿಳಿಸಲಿಲ್ಲ.